ಮನೆಯ ನಾಯಿಯನ್ನೇ ನೆರವಿನ ನಾಯಿ ಮಾಡಬಹುದಾ?

ಪ್ರಶ್ನೆ: ಮೇಡಂ, ನಮಸ್ಕಾರ. ನಾನು ತಿಪಟೂರು ತಾಲ್ಲೂಕಿನ ಹಳ್ಳಿಯವನು, ವಯಸ್ಸು 34. ತೆಂಗಿನಕಾಯಿ ಕೀಳುವುದೇ ಕಸುಬಾಗಿತ್ತು. ನಾಲ್ಕು ವರ್ಷದ ಹಿಂದೆ ಮರದಿಂದ ಬಿದ್ದು ಬೆನ್ನುಹುರಿಗೆ ಪೆಟ್ಟಾಯಿತು. ಸೊಂಟದ ಕೆಳಗೆ ಮುಟ್ಟಿದರೂ ಗೊತ್ತಾಗುವುದಿಲ್ಲ, ವೀಲ್‌ಚೇರ್‌ನಲ್ಲಿದ್ದೇನೆ. ಮನೆಯಲ್ಲಿ ನಾನು, ಅಮ್ಮ ಇಬ್ಬರೇ. ಅಮ್ಮ ಡೇರಿಗೆ ಹಾಲು ಹಾಕಲು ಹೋದಾಗ, ತೋಟಕ್ಕೆ ಹೋದಾಗ ಒಬ್ಬನೇ ಇರುತ್ತೇನೆ. ಫೋನ್ ಕೈಜಾರಿ ಬಿದ್ದರೆ ಯಾರಾದರೂ ಬರುವ ತನಕ ಕಾಯಬೇಕು. ತೋಟದಲ್ಲಿ ಸಿಕ್ಕ ಮರಿಯೊಂದನ್ನು ಸಾಕಿದ್ದೇನೆ, ಕರಿಯ ಅಂತ. ಈಗ 14 ತಿಂಗಳು, 18 ಕೆಜಿ. ವಿದೇಶದಲ್ಲಿ ನಾಯಿಗಳು ವಸ್ತು ಎತ್ತಿಕೊಡುವುದು, ಗಾಡಿ ಎಳೆಯುವುದು ವಿಡಿಯೋದಲ್ಲಿ ನೋಡಿದೆ. ಕರಿಯನಿಗೆ ನಾನೇ ಕಲಿಸಬಹುದಾ? ಬೆಂಗಳೂರಲ್ಲಿರುವ ಅಣ್ಣ, ನಾಟಿ ನಾಯಿಗೆ ಅಷ್ಟು ಬುದ್ಧಿ ಇರಲ್ಲ, ಲ್ಯಾಬ್ರಡಾರ್ ಮರಿ ಕೊಡಿಸುತ್ತೇನೆ ಅನ್ನುತ್ತಾನೆ. ಒಬ್ಬ ಟ್ರೈನರ್, ಮೂರು ತಿಂಗಳು ನಮ್ಮಲ್ಲಿ ಬಿಡಿ, ತಿಂಡಿ ಕೊಟ್ಟು ಕಲಿಸುವುದು ಲಂಚ ಕೊಟ್ಟ ಹಾಗೆ, ನಾಳೆ ತಿಂಡಿ ಇಲ್ಲದಿದ್ದರೆ ಮಾತೇ ಕೇಳಲ್ಲ ಎಂದರು. ಹೋದ ತಿಂಗಳು ಮೀಟರ್ ನೋಡಲು ಬಂದವರ ಮೇಲೆ ಕರಿಯ ಗುರ್ ಅಂದ. ಮಾವ ಕೋಲಿನಿಂದ ಬಾರಿಸಿದರು. ಅಲ್ಲಿಂದೀಚೆಗೆ ಹೊಸಬರನ್ನು ಕಂಡರೆ ಜಾಸ್ತಿ ಆಗಿದೆ. ಆನ್‌ಲೈನ್‌ನಲ್ಲಿ ಸರ್ವಿಸ್ ಡಾಗ್ ಸರ್ಟಿಫಿಕೇಟ್ ಮಾರುತ್ತಾರೆ. ಅದು ತಗೊಂಡರೆ ಬಸ್ಸು, ಬ್ಯಾಂಕಿಗೆ ಬಿಡುತ್ತಾರಾ?

ಉತ್ತರ: ನೀವು ಕೇಳಿರುವುದು ಐದಾರು ಪ್ರಶ್ನೆ. ಆದರೆ ನಿಮ್ಮ ಚಿಂತೆ ಒಂದೇ ಅಂತ ನನಗನಿಸುತ್ತದೆ: ಅಮ್ಮ ಇಲ್ಲದ ಆ ಒಂದೆರಡು ಗಂಟೆ. ಅದನ್ನು ಹಿಡಿದುಕೊಂಡೇ ಹೋಗೋಣ. ಗಾಡಿ ಎಳೆಯುವ ವಿಡಿಯೋ ಆಮೇಲೆ ನೋಡೋಣ.

ಮೊದಲು ಲಂಚದ ವಿಷಯ. ಇದನ್ನು ನಾನು ಕೇಳದ ವಾರವೇ ಇಲ್ಲ. ನೀವು ಮರ ಹತ್ತುತ್ತಿದ್ದಾಗ ಮರಕ್ಕಿಷ್ಟು ಅಂತ ಮಾತಾಡಿಕೊಂಡು ಹತ್ತುತ್ತಿದ್ದಿರಿ. ಕಾಯಿ ಕೆಡವಿ ಇಳಿದ ಮೇಲೆ ದುಡ್ಡು ಕೈಗೆ ಬರುತ್ತಿತ್ತು. ಅದನ್ನು ಯಾರೂ ಲಂಚ ಅನ್ನಲಿಲ್ಲ. ಎರಡು ಸಲ ಕೂಲಿ ಕೊಡದೆ ಕಳಿಸಿದ ತೋಟಕ್ಕೆ ಮೂರನೇ ಸಲ ಹೋಗುತ್ತಿದ್ದಿರಾ? ನಾಯಿಯ ಲೆಕ್ಕವೂ ಅಷ್ಟೇ. ಕೆಲಸಕ್ಕೆ ಮುಂಚೆ ತೋರಿಸಿ ಆಸೆ ಹುಟ್ಟಿಸಿದರೆ ಅದು ಲಂಚ. ಕೆಲಸ ಆದ ತಕ್ಷಣ ಕೈಗೆ ಬಂದರೆ ಅದು ಕೂಲಿ. ಆ ಟ್ರೈನರ್ ಹೇಳಿದ್ದರಲ್ಲಿ ಒಂದು ಎಳೆ ಮಾತ್ರ ನಿಜ. ಪ್ರತಿ ಸಲವೂ ತಿಂಡಿಯನ್ನು ಮೂಗಿನ ಮುಂದೆ ಆಡಿಸುತ್ತಲೇ ಕಲಿಸಿದರೆ, ತಿಂಡಿ ಕಾಣದಿದ್ದಾಗ ನಾಯಿ ಸುಮ್ನೆ ನಿಂತುಬಿಡುತ್ತದೆ. ಅದು ಕಲಿಸಿದವರ ತಪ್ಪು. ನಾಲ್ಕೈದು ಸಲ ತೋರಿಸಿ, ಆಮೇಲೆ ಬರಿಗೈಯಲ್ಲಿ ಅದೇ ಸನ್ನೆ ಮಾಡಬೇಕು, ತಿಂಡಿ ಡಬ್ಬಿಯಿಂದ ಬರಬೇಕು. ಮುಂದೆ ಡಬ್ಬಿಯೂ ಕಪಾಟಿನ ಮೇಲೆ ಹೋಗುತ್ತದೆ.

ಇನ್ನೊಂದು ವಿಷಯ ಹೇಳಿದರೆ ನಿಮ್ಮ ಅಣ್ಣನಿಗೂ ಆಶ್ಚರ್ಯವಾಗಬಹುದು. ಲ್ಯಾಬ್ರಡಾರ್ ನಾಯಿಗಳಿಗೆ ಎಷ್ಟು ತಿಂದರೂ ಸಾಲದು ಅನ್ನುತ್ತೇವಲ್ಲ, ಅದಕ್ಕೆ ಒಂದು ಜೀನ್ ಕಾರಣ ಎಂದು ಕೇಂಬ್ರಿಡ್ಜ್‌ನ ಸಂಶೋಧಕರು 2016ರಲ್ಲಿ ತೋರಿಸಿದರು. ಸಾಮಾನ್ಯ ಲ್ಯಾಬ್ರಡಾರ್‌ಗಳಲ್ಲಿ ಸುಮಾರು ಕಾಲು ಭಾಗಕ್ಕೆ ಆ ಜೀನ್‌ನ ಒಂದು ತುಂಡು ಕಳಚಿಹೋಗಿರುತ್ತದೆ. ಅವರು ಪರೀಕ್ಷಿಸಿದ ನೆರವಿನ ನಾಯಿಗಳಲ್ಲಿ ಅದು ಮುಕ್ಕಾಲು ಭಾಗದಷ್ಟಿತ್ತು. ಹೊಟ್ಟೆಬಾಕ ನಾಯಿ ತಿಂಡಿಗಾಗಿ ಚೆನ್ನಾಗಿ ಕಲಿಯುತ್ತದೆ, ಅದಕ್ಕೇ ಹೆಚ್ಚು ಆಯ್ಕೆಯಾಗುತ್ತಿರಬಹುದು ಎಂಬುದು ಅವರ ಊಹೆ. ನೀವು ವಿಡಿಯೋದಲ್ಲಿ ನೋಡಿ ಬೆರಗಾದ ನಾಯಿಗಳ ಕಥೆ ಇದು!

ಹಾಗಾದರೆ ನಾಟಿ ನಾಯಿಗೆ ಬುದ್ಧಿ ಕಡಿಮೆಯಾ? ಇಲ್ಲ. ಬುದ್ಧಿಯ ಪ್ರಶ್ನೆಯೇ ಅಲ್ಲ ಇದು. ಬೇಟೆಯಲ್ಲಿ ಬಿದ್ದ ಹಕ್ಕಿಯನ್ನು ಬಾಯಲ್ಲಿ ಕಚ್ಚಿ ತರಲೆಂದೇ ಲ್ಯಾಬ್ರಡಾರ್ ತಳಿಯನ್ನು ಬೆಳೆಸಿದರು. ಹಾಗಾಗಿ ಎತ್ತಿ ತರುವುದು ಅದಕ್ಕೆ ಆಟ. ಸಾಮಾನ್ಯವಾಗಿ ಹೊಸಬರ ಜೊತೆಗೂ ಬೇಗ ಒಗ್ಗುತ್ತದೆ. ನಮ್ಮ ನಾಟಿ ನಾಯಿ ಊರು ಕಾಯುತ್ತಾ, ತಾನೇ ಊಟ ಹುಡುಕುತ್ತಾ ಬದುಕಿ ಬಂದದ್ದು. ಚುರುಕು, ಗಟ್ಟಿಮುಟ್ಟು, ನಮ್ಮ ಬಿಸಿಲಿಗೆ ಹೊಂದಿಕೊಂಡಿದೆ. ಆದರೆ ಹೊಸಬರನ್ನು ಅನುಮಾನದಿಂದ ನೋಡುವ ಸ್ವಭಾವ ಜಾಸ್ತಿ, ಅದೂ ವರ್ಷ ತುಂಬುವ ಹೊತ್ತಿಗೆ ಎದ್ದು ಕಾಣುತ್ತದೆ. ಕರಿಯನಿಗೆ ಈಗ 14 ತಿಂಗಳು. ಲೆಕ್ಕ ಸರಿಯಾಗಿದೆ ಅಲ್ವಾ? ಆದ್ದರಿಂದ ಕೇಳಬೇಕಾದ ಪ್ರಶ್ನೆ, ಕರಿಯನಿಗೆ ಈ ಕೆಲಸ ಒಗ್ಗುತ್ತದಾ ಎಂಬುದು. ಮನೆಯೊಳಗಿನ ನೆರವಿಗೆ ಒಗ್ಗಬಹುದು ಎಂದು ನಾನು ಹೇಳುತ್ತೇನೆ. ಸಂತೆ, ಬಸ್ ಸ್ಟ್ಯಾಂಡ್, ಬ್ಯಾಂಕಿಗೆ ಈಗಿನ ಸ್ಥಿತಿಯಲ್ಲಿ ಬೇಡ.

ಗುರ್ ಅಂದದ್ದರ ಬಗ್ಗೆ ಸ್ವಲ್ಪ ನಿಧಾನವಾಗಿ ಹೇಳುತ್ತೇನೆ, ಯಾಕೆಂದರೆ ಇಲ್ಲಿ ನಾನೇ ಎಡವಿದ್ದೇನೆ. ವೃತ್ತಿಗೆ ಬಂದ ಹೊಸತರಲ್ಲಿ ನಾನೂ ಚೋಕ್ ಚೈನ್ (ಜಗ್ಗಿದರೆ ಕುತ್ತಿಗೆ ಬಿಗಿಯುವ ಸರಪಳಿ) ಹಾಕಿಸಿದವಳೇ. ತುಮಕೂರಿನ ಒಂದು ಮನೆಯಲ್ಲಿ ಆಲ್ಸೇಷನ್ ಇತ್ತು. ಹಾಲಿನವರನ್ನು ಕಂಡರೆ ಗುರ್ ಅನ್ನುತ್ತಿತ್ತು. ಗುರ್ ಅಂದಾಗಲೆಲ್ಲ ಸರಪಳಿ ಜಗ್ಗಿ ಎಂದೆ. ಮೂರು ವಾರಕ್ಕೆ ಸದ್ದು ನಿಂತಿತು. ನನಗೆ ಭಾರೀ ಖುಷಿ. ಮುಂದಿನ ತಿಂಗಳು ಅದೇ ನಾಯಿ ಮನೆಗೆ ಬಂದ ಹುಡುಗನ ಕೈ ಕಚ್ಚಿತು. ಒಂದು ಸದ್ದಿಲ್ಲ, ಒಂದು ಸೂಚನೆ ಇಲ್ಲ. ಸೂಚನೆ ಕೊಡುವುದನ್ನು ಬಿಡಿಸಿದ್ದೇ ನಾನು. ಹೊಸಬರು ಬಂದರೆ ಕುತ್ತಿಗೆ ನೋಯುತ್ತದೆ ಎನ್ನುವುದನ್ನು ಮಾತ್ರ ಅದು ಚೆನ್ನಾಗಿ ಕಲಿತಿತ್ತು.

ಕರಿಯನಿಗೂ ಆಗಿರುವುದು ಇದೇ. ಅವನ ತಲೆಯಲ್ಲಿ ಕೋಲಿನೇಟು ಗುರ್ ಅಂದದ್ದಕ್ಕೆ ಬಿದ್ದದ್ದಲ್ಲ. ಅಪರಿಚಿತ ಮನುಷ್ಯ ಬಂದ, ಏಟು ಬಿತ್ತು, ಅಷ್ಟೇ. ಮಾವನಿಗೆ ಬುದ್ಧಿ ಹೇಳುವುದು ಕಷ್ಟ, ಗೊತ್ತು. ಡಾಕ್ಟ್ರು ಬೈದರು ಅಂತ ನನ್ನ ಮೇಲೆ ಹಾಕಿ.

ಮೊದಲು ಪಶುವೈದ್ಯರಿಗೆ ತೋರಿಸಿ. ಕಿವಿಯಲ್ಲಿ ಸೋಂಕಿದ್ದರೆ, ಉಣ್ಣೆ ಕಚ್ಚಿ ಟಿಕ್ ಫೀವರ್ ಬಂದಿದ್ದರೆ, ಆ ಏಟಿನಿಂದ ಎಲ್ಲಾದರೂ ನೋವಿದ್ದರೆ ನಾಯಿಗೆ ಸಹನೆ ಕಡಿಮೆಯಾಗುತ್ತದೆ. ಕಲಿಕೆ ಆಮೇಲೆ. ಸಂತಾನಹರಣ ಮಾಡಿಸುವ ಮಾತನ್ನೂ ಆಗಲೇ ಕೇಳಿ. ಅದರಿಂದ ಅಲೆದಾಟ ಕಡಿಮೆಯಾಗಬಹುದು, ಭಯ ಹೋಗುತ್ತದೆ ಅಂದುಕೊಳ್ಳಬೇಡಿ.

ಮೀಟರ್‌ನವರು, ಗ್ಯಾಸ್‌ನವರು ಬರುವ ಹೊತ್ತಿಗೆ ಕರಿಯ ಹಿಂದಿನ ಕೋಣೆಯಲ್ಲಿರಲಿ. ಇದು ಶಿಕ್ಷೆಯಲ್ಲ, ಅಗಿಯಲು ಏನಾದರೂ ಕೊಟ್ಟು ಕೂರಿಸಿ. ಅಭ್ಯಾಸಕ್ಕೆ ಬೇರೆ ಹೊತ್ತು ಇಟ್ಟುಕೊಳ್ಳಿ. ಪರಿಚಯವಿಲ್ಲದ ಒಬ್ಬರು ದೂರದಲ್ಲಿ, ಬೇಲಿಯ ಆಚೆ ಕಾಣಿಸಿಕೊಳ್ಳಲಿ. ಕರಿಯ ನೋಡಬೇಕು, ಆದರೆ ಬಿಗಿಯಾಗಬಾರದು. ಅಷ್ಟು ದೂರ. ಅವನು ನೋಡಿದ ಕೂಡಲೇ ಕೋಳಿ ತುಂಡು, ಒಂದರ ಹಿಂದೊಂದು. ಅವರು ಮರೆಯಾದರೆ ಕೋಳಿಯೂ ನಿಲ್ಲಬೇಕು. ಮನುಷ್ಯ ಮೊದಲು, ಕೋಳಿ ಆಮೇಲೆ. ಈ ಕ್ರಮ ತಿರುಗುಮುರುಗಾದರೆ ಡಬ್ಬಿ ತೆಗೆಯುವುದೇ ಅಪಾಯದ ಗುರುತು ಅಂದುಕೊಳ್ಳುತ್ತಾನೆ. ಬಂದವರ ಕೈಯಿಂದ ತಿನ್ನಿಸಲು ಹೋಗಬೇಡಿ. ಆಸೆಗೆ ಹತ್ತಿರ ಬಂದು, ತಿಂದಾದ ಮೇಲೆ ಬೆದರಿ ಕಚ್ಚಿದ ನಾಯಿಗಳನ್ನು ನೋಡಿದ್ದೇನೆ.

ಈಗ ಕಲಿಸುವ ಕೆಲಸ. ನಾಯಿ ಸರಿ ಮಾಡಿದ ಗಳಿಗೆಯನ್ನು ಹಿಡಿದು ತೋರಿಸಲು ಒಂದು ಗುರುತಿನ ಸದ್ದು ಬೇಕು. ಕ್ಲಿಕ್ಕರ್ ಅಂತ ಒಂದು ಪುಟ್ಟ ಡಬ್ಬಿ ಸಿಗುತ್ತದೆ. ನಿಮಗೆ ಎರಡು ಕೈಯೂ ಚಕ್ರದ ಮೇಲೆ ಬೇಕಲ್ಲ, ನಾಲಿಗೆಯಲ್ಲಿ ‘ಟಕ್’ ಅನ್ನಿ ಸಾಕು. (ಇದನ್ನೇ ಹೇಳಿಕೊಟ್ಟ ಒಂದು ಮನೆಯಲ್ಲಿ ನಾಯಿಗಿಂತ ಮೊದಲು ಪಕ್ಕದವರ ಎತ್ತು ಹೊರಟಿತ್ತು. ಎತ್ತು ಹತ್ತಿರದಲ್ಲಿದ್ದರೆ ‘ಭೇಷ್’ ಎಂಬ ಪದ ಇಟ್ಟುಕೊಳ್ಳಿ.) ಮೊದಲ ದಿನ ಬೇರೇನೂ ಬೇಡ. ಟಕ್, ಒಂದು ತುಂಡು. ಟಕ್, ಒಂದು ತುಂಡು. ಹತ್ತು ಹದಿನೈದು ಸಲ. ಸದ್ದು ಕೇಳಿದೊಡನೆ ನಿಮ್ಮತ್ತ ತಿರುಗಿದರೆ ಅರ್ಥವಾಗಿದೆ ಎಂದರ್ಥ. ಮುಂದೆ ಟಕ್ ಅಂದಮೇಲೆ ಕೂಲಿ ತಪ್ಪಿಸುವ ಹಾಗಿಲ್ಲ, ನೀವು ತಪ್ಪಿ ಅಂದಿದ್ದರೂ ಸರಿ.

ತುಂಡು ಹುರಿಗಡಲೆ ಗಾತ್ರ ಇದ್ದರೆ ಸಾಕು. ಉಪ್ಪು, ಖಾರ, ಈರುಳ್ಳಿ ಹಾಕದೆ ಬೇಯಿಸಿದ ಕೋಳಿ, ಮೊಟ್ಟೆ. ಸುಲಭದ ಅಭ್ಯಾಸಕ್ಕೆ ಒಣಗಿದ ಮುದ್ದೆಯ ಚೂರೂ ನಡೆಯುತ್ತದೆ. ತಿಪಟೂರಿನವರಿಗೆ ಕೊಬ್ಬರಿ ಕೊಡಬೇಡಿ ಅಂದರೆ ಬೇಜಾರು ಮಾಡಿಕೊಳ್ಳುತ್ತೀರಿ. ಒಂದು ಚೂರಿಗೆ ಏನೂ ಆಗುವುದಿಲ್ಲ, ದಿನವೂ ಕೊಟ್ಟರೆ ಅಷ್ಟು ಕೊಬ್ಬು ನಾಯಿಯ ಹೊಟ್ಟೆಗೆ ಆಗದು. ದ್ರಾಕ್ಷಿ, ಒಣದ್ರಾಕ್ಷಿ, ಚಾಕೊಲೇಟ್ ಬೇಡವೇ ಬೇಡ. ಅಭ್ಯಾಸದಲ್ಲಿ ತಿಂದಷ್ಟನ್ನು ಊಟದಲ್ಲಿ ಕಡಿಮೆ ಮಾಡಿ. ಒಂದು ಸಲಕ್ಕೆ ಮೂರು ನಿಮಿಷ, ಹೆಚ್ಚೆಂದರೆ ಐದು. ದಿನಕ್ಕೆ ಮೂರು ಸಲ, ಊಟಕ್ಕೆ ಮುಂಚೆ.

ಕುರ್ಚಿಯಲ್ಲಿ ಕೂತು ನೆಲದ ಮೇಲಿನ ನಾಯಿಗೆ ಸರಿಯಾದ ಜಾಗದಲ್ಲಿ ತಿಂಡಿ ತಲುಪಿಸುವುದು ಕಷ್ಟ. ಬಗ್ಗಿದರೆ ನೀವೇ ಮುಗ್ಗರಿಸಬಹುದು. ತೋಟದಲ್ಲಿ ಉಳಿದ ಪಿವಿಸಿ ಪೈಪಿನ ತುಂಡು ಇದ್ದೇ ಇರುತ್ತದೆ. ಮೂರಡಿ ಕತ್ತರಿಸಿ, ಕುರ್ಚಿಯ ಪಕ್ಕಕ್ಕೆ ಕಟ್ಟಿ, ಮೇಲಿಂದ ತುಂಡು ಜಾರಿಸಿ. ಕರಿಯ ಎಲ್ಲಿ ನಿಲ್ಲಬೇಕೋ ಅಲ್ಲೇ ಬೀಳುತ್ತದೆ. ಈ ಪೈಪನ್ನೇ ಬಳಸಿ ಮೊದಲು ಕುರ್ಚಿಯ ಪಕ್ಕ ಸಮಾಧಾನವಾಗಿ ನಿಲ್ಲುವುದನ್ನು ಕಲಿಸಿ. ಕುರ್ಚಿ ನಿಂತಿದ್ದಾಗ, ಆಮೇಲೆ ಒಂದಡಿ ಉರುಳಿದಾಗ. ಒಮ್ಮೆ ಬಾಲದ ಮೇಲೆ ಚಕ್ರ ಹತ್ತಿದರೆ ತಿಂಗಳ ಕೆಲಸ ಹಾಳು.

ಫೋನ್ ಎತ್ತಿಕೊಡುವುದನ್ನು ಕೊನೆಯಿಂದ ಕಲಿಸಬೇಕು. ತೊಡೆಯ ಮೇಲೆ ವಸ್ತು ಬಿಡುವುದು ಮೊದಲು, ನೆಲದಿಂದ ಎತ್ತುವುದು ಆಮೇಲೆ. ಗಂಟು ಹಾಕಿದ ಹಳೇ ಬಟ್ಟೆ ತಗೊಳ್ಳಿ. ಮೂಸಿದರೆ ಟಕ್. ಎರಡು ದಿನ ಕಳೆದ ಮೇಲೆ ಮೂಸಿದ್ದಕ್ಕೆ ಇಲ್ಲ, ಬಾಯಿ ಹಾಕಿದರೆ ಮಾತ್ರ. ಆಮೇಲೆ ಕಚ್ಚಿ ಹಿಡಿದರೆ, ಅದೂ ನಿಮ್ಮ ತೊಡೆಯ ಮೇಲೇ. ಅಲ್ಲಿ ಬಿಟ್ಟರೆ ದೊಡ್ಡ ಕೂಲಿ. ಇದು ಗಟ್ಟಿಯಾದ ಮೇಲೆ ಬಟ್ಟೆ ಪಾದದ ಹತ್ತಿರ, ಆಮೇಲೆ ಒಂದು ಮಾರು ದೂರ. ಕೊನೆಗೆ ಬಟ್ಟೆಯ ಜಾಗಕ್ಕೆ ಹಳೇ ಫೋನ್, ರಬ್ಬರ್ ಕವರಿಗೆ ಬಟ್ಟೆಯ ಕುಣಿಕೆ ಕಟ್ಟಿ. ನುಣುಪಾದ ಗಾಜನ್ನು ಕಚ್ಚಲು ಯಾವ ನಾಯಿಗೂ ಇಷ್ಟವಿಲ್ಲ. ಮೂರು ಸಲ ಸತತವಾಗಿ ತಪ್ಪಿದರೆ ಬೈಯಬೇಡಿ, ನೀವು ಮೆಟ್ಟಿಲು ಹಾರಿದ್ದೀರಿ ಅಂತ ತಿಳಿದು ಹಿಂದಿನ ಹಂತಕ್ಕೆ ಹೋಗಿ. ಎರಡು ಮೂರು ತಿಂಗಳು ಹಿಡಿಯಬಹುದು.

ಇಲ್ಲೊಂದು ಎಚ್ಚರಿಕೆ. ಎತ್ತುವುದು ಕಲಿತ ನಾಯಿ ಬಿದ್ದದ್ದನ್ನೆಲ್ಲ ಬಾಯಿಗೆ ಹಾಕುತ್ತದೆ. ಮಾತ್ರೆಯ ಪಟ್ಟಿಯನ್ನು ಎತ್ತಿಸಬೇಡಿ, ನೆಲದಲ್ಲಿ ಬಿಡಲೂಬೇಡಿ. ಬೆನ್ನುಹುರಿ ಪೆಟ್ಟಾದ ಅನೇಕರು ಕಾಲಿನ ಸೆಳೆತಕ್ಕೆ ಬ್ಯಾಕ್ಲೋಫೆನ್ ತಗೊಳ್ಳುತ್ತಾರೆ. ಅದು ನಾಯಿಗೆ ತುಂಬಾ ಅಪಾಯ, ಸ್ವಲ್ಪವೇ ಸಾಕು ಜೀವಕ್ಕೆ ಕುತ್ತು ಬರಲು. ಡೈಕ್ಲೋಫೆನಾಕ್, ಐಬುಪ್ರೊಫೆನ್‌ನಂಥ ನೋವಿನ ಮಾತ್ರೆಗಳೂ ವಿಷವೇ. ಡಬ್ಬಿ ನಿಮ್ಮ ಎದೆಯ ಮಟ್ಟದಲ್ಲಿ, ಮುಚ್ಚಳ ತಿರುಗಿಸುವಂಥದ್ದು ಇರಲಿ.

‘ಅಮ್ಮನ್ನ ಕರಿ’ ಎನ್ನುವುದು ಇದಕ್ಕಿಂತ ಸುಲಭ, ಮಜವೂ ಇರುತ್ತದೆ. ಅಮ್ಮ ಐದಡಿ ದೂರ ಕೂರಲಿ. ನೀವು ‘ಅಮ್ಮನ್ನ ಕರಿ’ ಅನ್ನಿ, ಅಮ್ಮ ಅಂಗೈ ಚಾಚಲಿ. ಮೂಗು ಅಂಗೈಗೆ ತಾಗಿದರೆ ಅಮ್ಮ ತಿಂಡಿ ಕೊಡಲಿ. ವಾಪಸ್ ನಿಮ್ಮ ಹತ್ತಿರ ಬಂದರೆ ನಿಮ್ಮ ಕಡೆಯಿಂದ ಇನ್ನೊಂದು. ದಿನದಿಂದ ದಿನಕ್ಕೆ ಅಮ್ಮ ಅಡುಗೆಮನೆಗೆ, ಹಿತ್ತಲಿಗೆ, ಕೊಟ್ಟಿಗೆಗೆ ಸರಿಯಲಿ. ಡೇರಿಗೆ ಹೋದಾಗ? ರಸ್ತೆ ದಾಟಿ ಅಲ್ಲಿಗೆ ಕಳಿಸುವ ಯೋಚನೆ ಖಂಡಿತ ಬೇಡ. ಅದರ ಬದಲು ಜಗಲಿಯ ಕಂಬಕ್ಕೆ ದನದ ಗಂಟೆ ಕಟ್ಟಿ, ಹಗ್ಗ ಕೆಳಗೆ ಬಿಡಿ. ಹಗ್ಗ ಜಗ್ಗಿದರೆ ಕೂಲಿ. ಆ ಗಂಟೆ ಕೇಳಿದರೆ ಬನ್ನಿ ಅಂತ ಪಕ್ಕದ ಮನೆಯವರಿಗೆ ಹೇಳಿಡಿ. ಎರಡು ವಾರ ಅವರಿಗೂ ಕಾಟ, ಕರಿಯ ಕೂಲಿಗಾಗಿ ಸುಮ್ಮಸುಮ್ನೆ ಬಾರಿಸುತ್ತಾನೆ. ನೀವು ಹೇಳದೆ ಬಾರಿಸಿದ್ದಕ್ಕೆ ಏನೂ ಸಿಗದಿದ್ದರೆ ತಾನೇ ಬಿಡುತ್ತಾನೆ. ಇಷ್ಟೆಲ್ಲ ಕಲಿತ ಮೇಲೂ ಫೋನನ್ನು ದಾರದಲ್ಲಿ ಕುತ್ತಿಗೆಗೆ ಹಾಕಿಕೊಂಡೇ ಇರಿ. ನಾಯಿ ಎರಡನೇ ಏರ್ಪಾಡು.

ಗಾಡಿ ಎಳೆಸುವುದಕ್ಕೆ ನನ್ನ ಒಪ್ಪಿಗೆ ಇಲ್ಲ. 18 ಕೆಜಿ ನಾಯಿಗೆ ನಿಮ್ಮ ತೂಕ, ಕುರ್ಚಿಯ ತೂಕ ಸೇರಿ ಬಹಳವಾಯಿತು. ಇನ್ನೊಂದು ನಾಯಿ ಕಂಡು ಓಡಿದರೆ ಕುರ್ಚಿ ಮಗುಚುವುದು ನಿಮ್ಮ ಮೇಲೆ. ಇಳಿಜಾರನ್ನು ಸರಿಮಾಡಿಸಿ: ಒಂದಡಿ ಎತ್ತರಕ್ಕೆ ಹನ್ನೆರಡು ಅಡಿ ಉದ್ದ. ರಸ್ತೆಗೆ ಹೋಗಲು ನಾಯಿಗಿಂತ ಮೋಟಾರು ವಾಸಿ. ಯುಡಿಐಡಿ ಕಾರ್ಡ್ (ಅಂಗವಿಕಲರ ಗುರುತಿನ ಚೀಟಿ) ಇದ್ದರೆ ಅಂಗವಿಕಲರ ಇಲಾಖೆಯಲ್ಲಿ ಯಂತ್ರಚಾಲಿತ ವಾಹನದ ಯೋಜನೆಯ ಬಗ್ಗೆ ವಿಚಾರಿಸಿ.

ನೀವು ಕೇಳದೇ ಇದ್ದರೂ ಇದನ್ನು ಹೇಳಲೇಬೇಕು. ನಿಮ್ಮ ಕಾಲಿಗೆ ಸ್ಪರ್ಶ ಇಲ್ಲ. ಕರಿಯನ ಉಗುರು ಗೀರಿದರೂ, ಆಟದಲ್ಲಿ ಹಲ್ಲು ತಾಗಿದರೂ ಗೊತ್ತಾಗದು. ನಾಯಿ ಕಾಲ ಮೇಲೆ ಮಲಗಿದರೆ ಒತ್ತುಹುಣ್ಣು ಆಗಬಹುದು. ಹುಣ್ಣನ್ನು ನೆಕ್ಕಿದರೆ ಸೋಂಕು. ಆದ್ದರಿಂದ ಪ್ರತಿ ರಾತ್ರಿ ಕನ್ನಡಿ ಹಿಡಿದು, ಇಲ್ಲವೇ ಅಮ್ಮನಿಂದ, ಕಾಲು ಪಾದ ನೋಡಿಸಿಕೊಳ್ಳಿ. ಉಗುರು ಕತ್ತರಿಸಿರಲಿ. ಕರಿಯನ ರೇಬಿಸ್ ಲಸಿಕೆ ವರ್ಷವರ್ಷ ತಪ್ಪದಿರಲಿ. ಗೀರು ಕಂಡರೆ ಹದಿನೈದು ನಿಮಿಷ ಸೋಪು ಹಾಕಿ ಹರಿಯುವ ನೀರಲ್ಲಿ ತೊಳೆದು, ಅಂದೇ ಆಸ್ಪತ್ರೆಗೆ ಹೋಗಿ. ‘ನಮ್ಮದೇ ನಾಯಿ’ ಅಂತ ಬಿಡಬೇಡಿ.

ಸರ್ಟಿಫಿಕೇಟಿಗೆ ದುಡ್ಡು ಹಾಕಬೇಡಿ. ನೆರವಿನ ನಾಯಿಗೆ ಅಧಿಕೃತ ಪ್ರಮಾಣಪತ್ರ ಕೊಡುವ ಸರ್ಕಾರಿ ವ್ಯವಸ್ಥೆ ನಮ್ಮ ದೇಶದಲ್ಲಿಲ್ಲ. ಆನ್‌ಲೈನ್‌ನಲ್ಲಿ ಮಾರುವುದು ಬರೀ ಪ್ಲಾಸ್ಟಿಕ್ ಕಾರ್ಡು. ಅಂಗವಿಕಲರ ಹಕ್ಕುಗಳ 2016ರ ಕಾಯ್ದೆ ನಿಮ್ಮ ಹಕ್ಕಿನ ಮಾತು ಆಡುತ್ತದೆ, ನಾಯಿಯನ್ನು ಒಳಗೆ ಬಿಡಲೇಬೇಕು ಎನ್ನುವ ಸ್ಪಷ್ಟ ಸಾಲು ಅದರಲ್ಲಿಲ್ಲ. ಬ್ಯಾಂಕಿನಲ್ಲಿ ಮ್ಯಾನೇಜರ್ ಒಪ್ಪಿದರೆ ಉಂಟು.

ಅಣ್ಣನ ಲ್ಯಾಬ್ರಡಾರ್? ಅವರ ಮನಸ್ಸು ದೊಡ್ಡದು. ಆದರೆ ಮರಿ ಕೆಲಸಕ್ಕೆ ಬರಲು ಒಂದೂವರೆ ಎರಡು ವರ್ಷ. ಅಲ್ಲಿಯವರೆಗೆ ಉಚ್ಚೆ ಒರೆಸುವವರು ಅಮ್ಮ. ಮೂರು ವಾರದಿಂದ ಮೂರು ತಿಂಗಳ ತನಕದ ವಯಸ್ಸಲ್ಲಿ ಹೊಸ ಜನ, ಸದ್ದು, ಜಾಗ ಎಲ್ಲ ತೋರಿಸಬೇಕು, ಅದಕ್ಕೆ ಓಡಾಡುವವರು ಬೇಕು. ಸೊಂಟದ ಕೀಲಿನ ತೊಂದರೆ ಆ ತಳಿಯಲ್ಲಿ ಸಾಮಾನ್ಯ, ಬಿಸಿಲೂ ತಡೆಯದು. ಅವರು ದುಡ್ಡು ಹಾಕಲೇಬೇಕೆಂದರೆ, ಸ್ವಭಾವ ಗೊತ್ತಾಗಿರುವ ಎರಡು ವರ್ಷದ ಸಾಧು ನಾಯಿಯನ್ನು ಹುಡುಕಲಿ. ಕರಿಯನ ಜೊತೆ ಹೊಂದುತ್ತದಾ ಅಂತ ಮೊದಲು ನೋಡಬೇಕು.

ಮೂರು ತಿಂಗಳ ಹಾಸ್ಟೆಲ್ಲಿಗೆ ಬಿಡುವುದು ನನಗೆ ಒಪ್ಪಿಗೆಯಾಗದ ದಾರಿ. ಅಲ್ಲಿ ಕಲಿತದ್ದು ಅಲ್ಲಿಯ ಅಂಗಳಕ್ಕೆ, ಅಲ್ಲಿಯ ದನಿಗೆ ಅಂಟಿಕೊಂಡಿರುತ್ತದೆ. ನಿಮ್ಮ ಚಕ್ರ, ನಿಮ್ಮ ಜಗಲಿ ಅಲ್ಲಿಲ್ಲ. ತಪ್ಪಿದಾಗ ಏನು ಮಾಡುತ್ತಾರೆ ಎಂಬುದೂ ನಿಮಗೆ ಕಾಣುವುದಿಲ್ಲ. ಸಹಾಯ ಬೇಕೆನಿಸಿದರೆ ಮನೆಗೇ ಬಂದು ನಿಮಗೆ ಕಲಿಸುವವರನ್ನು ಕರೆಸಿ. ಅವರನ್ನು ಒಂದೇ ಮಾತು ಕೇಳಿ: ‘ನಾಯಿ ತಪ್ಪು ಮಾಡಿದರೆ ನೀವೇನು ಮಾಡುತ್ತೀರಿ?’ ಚೈನು, ಮುಳ್ಳಿನ ಬೆಲ್ಟು, ಕರೆಂಟ್ ಬೆಲ್ಟು ಅಂದರೆ ಕಾಫಿ ಕೊಟ್ಟು ಕಳಿಸಿ.

ಹಾಗಾಗಿ ಕರಿಯನ ಜೊತೆಗೇ ಮೂರು ತಿಂಗಳು ಪ್ರಯತ್ನಿಸಿ ಎನ್ನುತ್ತೇನೆ, ಒಂದು ಷರತ್ತಿನ ಮೇಲೆ. ಈ ನಡುವೆ ಅವನು ಅಮ್ಮನ ಮೇಲೆ, ನಿಮ್ಮ ಮೇಲೆ ಹಲ್ಲು ತೋರಿಸಿದರೆ, ಊಟದ ತಟ್ಟೆಯ ಹತ್ತಿರ ಬಂದವರನ್ನು ಕಂಡು ಬಿಗಿಯಾದರೆ, ಅಥವಾ ಅಭ್ಯಾಸದ ಡಬ್ಬಿ ಕಂಡರೆ ಎದ್ದು ಹೋಗಿ ಮಲಗಿದರೆ ನಿಲ್ಲಿಸಿ. ಮೊದಲ ಎರಡು ಅಪಾಯ. ಮೂರನೆಯದು ಈ ಕೆಲಸ ತನಗೆ ಬೇಡ ಅಂತ ಅವನು ಹೇಳುವ ರೀತಿ. ದೊಡ್ಡ ಸಂಸ್ಥೆಗಳು ಆರಿಸಿ ಬೆಳೆಸಿದ ಮರಿಗಳಲ್ಲೂ ಎಷ್ಟೋ ನಾಯಿಗಳು ಅರ್ಧಕ್ಕೆ ಬಿಟ್ಟು ಸಾಕುನಾಯಿಗಳಾಗುತ್ತವೆ. ಕರಿಯ ಬರೀ ಕರಿಯನಾಗಿ ಉಳಿದರೆ ಗಂಟೆಯ ಹಗ್ಗವನ್ನು ನಿಮ್ಮ ಕುರ್ಚಿಗೇ ಕಟ್ಟಿಕೊಂಡರಾಯಿತು.

ಆರು ವಾರ ಕಳೆದ ಮೇಲೆ ಮತ್ತೆ ಬರೆಯಿರಿ. ಅಭ್ಯಾಸದ ವಿಡಿಯೋ ಕಳಿಸುವುದಾದರೆ ಫೋನನ್ನು ಅಮ್ಮನ ಕೈಗೆ ಕೊಡಿ. ಬಟ್ಟೆ ಎತ್ತಿದನೋ ಇಲ್ಲವೋ ಎನ್ನುವುದಕ್ಕಿಂತ ಎತ್ತುವಾಗ ಅವನ ಕಿವಿ, ಬಾಲ ಹೇಗಿತ್ತು ಎಂಬುದು ನನಗೆ ಕಾಣಬೇಕು.